ಕಾರವಾರದ ಫಾಸ್ಟರ್ ಮನೆಯಿಂದ ಶಿರಸಿಯ ತೋಟದ ಮನೆಗೆ ನಾಯಿ: ತರುವ ಮೊದಲು ಏನೇನು ಕೇಳಬೇಕು?

ತೋಟದ ದಾರಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ಅಡಿಕೆ ತೋಟದ ಮನೆ. ಅತ್ತೆ, ಮಾವ, ನಾವಿಬ್ಬರು, ಎರಡನೇ ಕ್ಲಾಸಿನ ಮಗಳು. ಕೊಟ್ಟಿಗೆಯಲ್ಲಿ ಎರಡು ಆಕಳು, ಒಂದು ಕರು. ಮನೆಯೊಳಗೆ ಒಂದು ಬೆಕ್ಕೂ ಇದೆ.

ಕಾರವಾರದಲ್ಲಿ ಒಬ್ಬರು ಪೆಟ್ಟಾದ ಬೀದಿನಾಯಿಗಳನ್ನು ತಮ್ಮ ಮನೆಯಲ್ಲಿಟ್ಟು ಆರೈಕೆ ಮಾಡಿ, ಆಮೇಲೆ ಸರಿಯಾದ ಮನೆ ಹುಡುಕಿ ಕೊಡುತ್ತಾರೆ, ಇದಕ್ಕೇ ಫಾಸ್ಟರ್ ಮಾಡುವುದು ಅನ್ನುತ್ತಾರೆ. ಅವರ ಹತ್ತಿರ ಈಗ ಒಂದು ಕಂದು ಹೆಣ್ಣುನಾಯಿ ಇದೆ. ಹೆದ್ದಾರಿ 66ರಲ್ಲಿ ಗಾಡಿ ಬಡಿದು ಹಿಂಗಾಲು ಮುರಿದಿತ್ತಂತೆ. ಈಗ ಗುಣವಾಗಿದೆ, ಸ್ವಲ್ಪ ಕುಂಟುತ್ತದೆ. ಸುಮಾರು ಮೂರು ವರ್ಷ ಇರಬಹುದು ಎಂದು ಡಾಕ್ಟರು ಹಲ್ಲು ನೋಡಿ ಹೇಳಿದ್ದಾರೆ. ಮರಿ ಹಾಕದಂತೆ ಆಪರೇಷನ್ ಆಗಿದೆ. ವಿಡಿಯೋದಲ್ಲಿ ನೋಡಿದಾಗಿನಿಂದ ಮಗಳಿಗೆ ಅದೇ ಬೇಕು. ನನಗೂ ಬಹಳ ಇಷ್ಟವಾಗಿದೆ.

ಆದರೆ ಅತ್ತೆ ಹೇಳುವುದು, ತಂದರೆ ಮರಿ ತರಬೇಕು, ದೊಡ್ಡ ನಾಯಿ ಹೊಂದಿಕೊಳ್ಳುವುದಿಲ್ಲ ಅಂತ. ಇನ್ನೊಂದು, ನಮ್ಮ ಮನೆಯಲ್ಲಿ ಮೀನು, ಮೊಟ್ಟೆ ಏನೂ ಇಲ್ಲ. ಆ ನಾಯಿ ಅಲ್ಲಿ ದಿನಾ ಬಂಗಡೆ ತಿಂದು ಬೆಳೆದಿದೆ. ಮುಂದಿನ ವಾರ ನೋಡಲು ಹೋಗುವವರಿದ್ದೇವೆ. ಹೋದಾಗ ಏನು ಕೇಳಬೇಕು, ಏನು ನೋಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಳಿ ಕಡಲು:
ನಾನೂ ಕಾರವಾರದವಳು, ನಾಯಿಗಳನ್ನು ಫಾಸ್ಟರ್ ಮಾಡುತ್ತೇನೆ. ನೀವು ಹೇಳಿದ ಮನೆ ನನ್ನದಲ್ಲ, ಹಾಗಾಗಿ ಆ ನಾಯಿ ಬಗ್ಗೆ ನಾನು ಏನೂ ಹೇಳಲಾರೆ. ಆದರೆ ಕೇಳಬೇಕಾದ್ದು ಬಹಳ ಇದೆ.

ಫಾಸ್ಟರ್ ಮನೆಯ ನಾಯಿಯಲ್ಲಿ ದೊಡ್ಡ ಅನುಕೂಲ ಅಂದರೆ, ಅದರ ಜೊತೆ ಯಾರೋ ಒಬ್ಬರು ಹಗಲು ರಾತ್ರಿ ಇದ್ದಾರೆ. ಮರಿ ದೊಡ್ಡದಾದ ಮೇಲೆ ಹೇಗಿರುತ್ತದೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ಮೂರು ವರ್ಷದ ನಾಯಿಯ ಸ್ವಭಾವ ಈಗಾಗಲೇ ಕಣ್ಣೆದುರಿಗಿದೆ. ನಿಮ್ಮ ಅತ್ತೆಯವರಿಗೆ ಇದನ್ನೇ ಹೇಳಿ. ಮರಿ ಅಂದರೆ ಜಗುಲಿ ತುಂಬ ಉಚ್ಚೆ, ಕಚ್ಚಿ ಹರಿದ ಚಪ್ಪಲಿ, ರಾತ್ರಿಯೆಲ್ಲ ಕುಂಯ್‌ಗುಡುವುದು. ವಯಸ್ಸಾದವರಿರುವ ಮನೆಗೆ ದೊಡ್ಡ ನಾಯಿಯೇ ಸುಲಭ.

"ನಾಯಿ ಒಳ್ಳೆಯದಾ?" ಎಂದು ಮಾತ್ರ ಕೇಳಬೇಡಿ. ಯಾರು ಕೇಳಿದರೂ ನಾವು ಹೌದು ಅಂತಲೇ ಹೇಳುತ್ತೇವೆ. ನೀವು ಕಣ್ಣಾರೆ ಏನು ನೋಡಿದ್ದೀರಿ ಎಂದು ಕೇಳಿ. ಉಣ್ಣುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದಾ? ಬಾಯಿಯಿಂದ ಏನಾದರೂ ತೆಗೆದುಕೊಂಡರೆ ಬಿಡುತ್ತದಾ? ಚಿಕ್ಕ ಮಕ್ಕಳು ಅಂಗಳದಲ್ಲಿ ಓಡಿದರೆ ಏನು ಮಾಡುತ್ತದೆ? ಬೆಕ್ಕು ನೋಡಿದರೆ? ದನ ನೋಡಿದೆಯಾ? ಗುಡುಗಿಗೆ, ಪಟಾಕಿಗೆ ಎಲ್ಲಿ ಹೋಗಿ ಅಡಗುತ್ತದೆ? ಒಂಟಿಯಾಗಿ ಬಿಟ್ಟರೆ ಎಷ್ಟು ಹೊತ್ತು ಸುಮ್ಮನಿರುತ್ತದೆ? ಗಾಡಿ ಬಡಿದ ನಾಯಿಯಾದ್ದರಿಂದ ಬೈಕ್ ಸದ್ದಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಪ್ಪದೇ ಕೇಳಿ. ಕೆಲವು ಹೆದರಿ ನಡುಗುತ್ತವೆ, ಕೆಲವು ಟೈರ್ ಕಚ್ಚಲು ಓಡುತ್ತವೆ. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

ಎಲ್ಲದಕ್ಕೂ "ಏನೂ ತೊಂದರೆ ಇಲ್ಲ" ಎಂದೇ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ನಾಯಿಯನ್ನು ನಿಜವಾಗಿ ನೋಡಿದವರ ಬಾಯಲ್ಲಿ ಒಂದೆರಡು "ಆದರೆ" ಬಂದೇ ಬರುತ್ತದೆ.

ನಿಮ್ಮ ಕಡೆಯದನ್ನೂ ಅಷ್ಟೇ ಬಿಚ್ಚಿ ಹೇಳಿ. ಬೇಲಿ ಎಲ್ಲಿಯವರೆಗೆ ಇದೆ, ದಣಪೆ (ಬೇಲಿಯ ಅಡ್ಡಗೋಲಿನ ಬಾಗಿಲು) ಹಾಕುತ್ತೀರಾ, ರಾತ್ರಿ ನಾಯಿ ಎಲ್ಲಿ ಮಲಗುತ್ತದೆ, ಮನೆಗೆ ದಿನಾ ಎಷ್ಟು ಜನ ಆಳುಗಳು ಬಂದು ಹೋಗುತ್ತಾರೆ, ಎಲ್ಲ ಹೇಳಿ. ಚೆಂದ ಮಾಡಿ ಹೇಳಿದರೆ ಆಮೇಲೆ ತೊಂದರೆ ಪಡುವುದು ನಾಯಿಯೇ.

ಮತ್ತೆ, ಅದು ಯಾವ ಮಾತಿಗೆ ಬರುತ್ತದೆ, ಕೂರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಇಲ್ಲಿ ನಾವು ಮನೆಯಲ್ಲಿ ಕೊಂಕಣಿ ಮಾತಾಡುತ್ತೇವೆ. ನಾಯಿಗೂ ಅದೇ ಅಭ್ಯಾಸ ಆಗಿರುತ್ತದೆ.

ಕುಮಟೆ ಪೇಟೆ:
ಇಷ್ಟೆಲ್ಲ ಬೇಕಾ? ನಮ್ಮೂರಲ್ಲಿ ಮಳೆಗಾಲ ಮುಗಿದರೆ ಪ್ರತಿ ಅಂಗಡಿ ಕಟ್ಟೆ ಕೆಳಗೂ ಮರಿಗಳಿರುತ್ತವೆ. ಒಂದು ಎತ್ತಿಕೊಂಡು ಹೋದರೆ ಆಯಿತು. ಈ ಫಾಸ್ಟರ್ ಮಾಡುವವರು ಆಧಾರ್ ಕೇಳುತ್ತಾರೆ, ಮನೆ ನೋಡಲು ಬರುತ್ತೇವೆ ಅನ್ನುತ್ತಾರೆ, ಪತ್ರಕ್ಕೆ ಸಹಿ ಹಾಕಿ ಅನ್ನುತ್ತಾರೆ. ಬೀದಿನಾಯಿಗೆ ಒಂದು ಮನೆ ಸಿಗುತ್ತದೆ ಅಂದರೆ ಖುಷಿಪಡಬೇಕಲ್ವಾ? ನನ್ನ ತಮ್ಮನಿಗೆ ಹೀಗೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಕೊನೆಗೆ ನಾಯಿ ಕೊಡಲೇ ಇಲ್ಲ. ಅವನಿಗೆ ಬಹಳ ಬೇಜಾರಾಯಿತು.

ಕಾಳಿ ಕಡಲು:
ಅಣ್ಣಾ, ನಿಮ್ಮ ತಮ್ಮನ ಬೇಜಾರು ನನಗೆ ಅರ್ಥವಾಗುತ್ತದೆ. ಕೊಡುವುದಿಲ್ಲ ಅಂದರೆ ಕಾರಣ ಹೇಳಬೇಕಿತ್ತು, ಅದು ಅವರ ಜವಾಬ್ದಾರಿ.

ಆದರೆ ನಾವು ಯಾಕೆ ಇಷ್ಟು ಕೇಳುತ್ತೇವೆ ಅಂದರೆ, ಕೊಟ್ಟ ನಾಯಿ ಮತ್ತೆ ಬೀದಿಗೆ ಬರುವುದನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ಮಲಗಿ ಅಭ್ಯಾಸವಾದ ನಾಯಿಗೆ ಬೀದಿಯಲ್ಲಿ ಬದುಕಲು ಬರುವುದಿಲ್ಲ. ಅಲ್ಲಿನ ನಾಯಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ. ಗಾಡಿಗೆ ಹೆದರುವುದನ್ನೂ ಮರೆತಿರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಹೋಗುವುದು ಅಪರಾಧ. ಆದರೆ ಕೇಸು ಹಾಕಿದರೆ ನಾಯಿಯ ಹೊಟ್ಟೆ ತುಂಬುವುದಿಲ್ಲ. ಮೊದಲೇ ನೋಡಿ ಕೊಡುವುದೇ ದಾರಿ.

ಮನೆ ನೋಡಲು ಬರುವವರು ನಿಮ್ಮ ಸೋಫಾ ನೋಡುವುದಿಲ್ಲ. ಗೇಟಿನ ಕೆಳಗೆ ಎಷ್ಟು ಸಂದಿ ಇದೆ, ಬಾವಿಗೆ ಕಟ್ಟೆ ಇದೆಯಾ, ರಸ್ತೆ ಎಷ್ಟು ದೂರ ಎಂದು ನೋಡುತ್ತಾರೆ.

ಗಂಗಾವಳಿ ದಂಡೆ:
ಪತ್ರದ ವಿಷಯ ಬಂತಲ್ಲ, ಒಂದು ಮಾತು. ಬೀದಿನಾಯಿ ದತ್ತು ಈಗ ಕೋರ್ಟಿನ ಮಾತೂ ಆಗಿದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲಿ, ಬೇಕಾದವರು ನಗರಾಡಳಿತಕ್ಕೆ ಅರ್ಜಿ ಕೊಟ್ಟು ಬೀದಿನಾಯಿ ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಜವಾಬ್ದಾರಿ ಎಂದು ಹೇಳಿದೆ. ಫಾಸ್ಟರ್ ಮನೆಯವರು ಬರೆಸಿಕೊಳ್ಳುವುದೂ ಇದನ್ನೇ ಅಲ್ವಾ?

ಸಹಿ ಹಾಕುವ ಮೊದಲು ಪತ್ರ ಓದಿ. "ಸಾಕಲು ಆಗದಿದ್ದರೆ ನಮಗೇ ವಾಪಸ್ ಕೊಡಬೇಕು" ಎಂದಿದ್ದರೆ ಅದು ಒಳ್ಳೆಯ ಪತ್ರ. ಹಾಗೆ ಬರೆದಿಲ್ಲದಿದ್ದರೆ ನೀವೇ ಬರೆಸಿ. ನಾಯಿಯನ್ನು ನೋಡದೇ ಯಾರಿಗೂ ಮುಂಗಡ ಹಣ ಹಾಕಬೇಡಿ. ಫೋಟೋ ತೋರಿಸಿ, ಗಾಡಿ ಬಾಡಿಗೆ ಅಂತ ದುಡ್ಡು ಹಾಕಿಸಿಕೊಂಡು ಫೋನ್ ಬಂದ್ ಮಾಡುವವರು ಇದ್ದಾರೆ.

ಕಿವಿಯನ್ನೂ ನೋಡಿ. ಸರ್ಕಾರದ ಸಂತಾನ ನಿಯಂತ್ರಣ ಕಾರ್ಯಕ್ರಮದಲ್ಲಿ ಆಪರೇಷನ್ ಆದ ನಾಯಿಯಾದರೆ ಕಿವಿಯ ತುದಿಯಲ್ಲಿ ಸಣ್ಣ ಕತ್ತರಿಕೆಯ ಗುರುತು ಇರುತ್ತದೆ. ಖಾಸಗಿಯಾಗಿ ಮಾಡಿಸಿದ್ದರೆ ಗುರುತು ಇಲ್ಲದಿರಬಹುದು, ಆಗ ಡಾಕ್ಟರ ಚೀಟಿ ಕೇಳಿ.

ಅಘನಾಶಿನಿ:
ಚೀಟಿ ಅಂದ ಕೂಡಲೇ ನೆನಪಾಯಿತು. ಕಾಲಿನ ಎಕ್ಸ್‌ರೇ ಕೇಳಿ ಇಸಿದುಕೊಳ್ಳಿ. ಮುರಿದ ಕಾಲಿಗೆ ಒಳಗೆ ರಾಡ್ ಅಥವಾ ಪ್ಲೇಟ್ ಹಾಕಿದ್ದಾರಾ, ಅದನ್ನು ಮುಂದೆ ತೆಗೆಯಬೇಕಾ ಎಂದು ಕೇಳಿ. ಕುಂಟುವ ನಾಯಿಗೆ ಮೈ ಬರಬಾರದು. ತೂಕ ಹೆಚ್ಚಾದಷ್ಟೂ ಉಳಿದ ಕಾಲುಗಳಿಗೆ ಭಾರ. ನಿಮ್ಮಲ್ಲಿ ನುಣುಪು ನೆಲ ಇದ್ದರೆ ಓಡಾಡುವ ಕಡೆ ಗೋಣಿಚೀಲವನ್ನೋ ಹಳೆ ಚಾಪೆಯನ್ನೋ ಹಾಸಿ. ಮಳೆಗಾಲದಲ್ಲಿ ನೆಲ ಬೆವರಿದಾಗ ಜಾರಿದರೆ ಅದೇ ಕಾಲಿಗೆ ಮತ್ತೆ ಪೆಟ್ಟು.

ಚಳಿಗೆ, ಮಳೆಗೆ ಕಾಲು ನೋವು ಬಂದರೆ ಮನೆಯಲ್ಲಿರುವ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ನಾಯಿಗೆಂದೇ ಬೇರೆ ಮಾತ್ರೆ ಇದೆ, ಪಶುವೈದ್ಯರು ತೂಕ ನೋಡಿ ಬರೆಯುತ್ತಾರೆ.

ಲಸಿಕೆ ಕಾರ್ಡಿನಲ್ಲಿ ಎರಡು ನೋಡಿ. ಒಂದು ರೇಬಿಸ್, ವರ್ಷಕ್ಕೊಮ್ಮೆ. ಇನ್ನೊಂದು ಡಿಸ್ಟೆಂಪರ್, ಪಾರ್ವೊ, ಇಲಿ ಜ್ವರ ಎಲ್ಲ ಸೇರಿದ ಲಸಿಕೆ. ನಮ್ಮ ಜಿಲ್ಲೆಯಲ್ಲಿ ಇಲಿ ಜ್ವರದ್ದನ್ನು ಬಿಡಬೇಡಿ. ಇಲಿಯ ಉಚ್ಚೆ ಸೇರಿದ ನೀರಿನಿಂದ ಅದು ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ಹರಡಬಹುದು. ಗದ್ದೆ, ತೋಟದ ಕಾಲುವೆ, ಕೊಟ್ಟಿಗೆಯ ಗೊಜ್ಜಲು, ಎಲ್ಲ ಕಡೆಯೂ ಅದೇ ನೀರು.

ಸೊಪ್ಪಿನಬೆಟ್ಟ:
ಸಿದ್ದಾಪುರದಿಂದ. ಕರಾವಳಿಯ ನಾಯಿಗೆ ಘಟ್ಟದ ಮೇಲಿನ ತೋಟ ಹೊಸ ಜಾಗ. ಅದರ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಚಿರತೆ. ನಮ್ಮ ಕಡೆ ನಾಯಿ ಹೋಯಿತು ಅಂದರೆ ಹೆಚ್ಚಿನ ಸಲ ಚಿರತೆಯೇ. ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಬೇಡಿ. ಕಟ್ಟಿದ ನಾಯಿ ಓಡಲಾಗದೇ ಸಿಕ್ಕಿಬೀಳುತ್ತದೆ. ಅದರಲ್ಲೂ ನಿಮ್ಮದು ಕಾಲು ಕುಂಟುವ ನಾಯಿ. ಕತ್ತಲಾದ ಮೇಲೆ ಬಾಗಿಲು ಇರುವ ಕೋಣೆಯೊಳಗೇ ಇರಬೇಕು. ಜಗುಲಿಯಾದರೆ ಕಬ್ಬಿಣದ ಜಾಲರಿ ಪೂರ್ತಿ ಇರಬೇಕು, ಅರ್ಧ ಗೋಡೆ ಸಾಲದು. "ಕಾವಲಿಗೆ ನಾಯಿ" ಎಂದು ಹೊರಗೆ ಬಿಡುವುದಾದರೆ ದಯವಿಟ್ಟು ತರಲೇಬೇಡಿ.

ಎರಡನೆಯದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿ. ಬೆಟ್ಟಕ್ಕೆ ಹೋಗಿ ಬಂದ ನಾಯಿಯ ಕಿವಿ ಒಳಗೆ, ಬೆರಳ ಸಂದಿ, ಬಾಲದ ಬುಡ ದಿನಾ ತಡವಿ ನೋಡಬೇಕು. ಉಣುಗಿನಿಂದ ನಾಯಿಗೆ ಜ್ವರ ಬರುತ್ತದೆ. ಅನ್ನ ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುತ್ತದೆ. ಬೇಗ ರಕ್ತ ಪರೀಕ್ಷೆ ಮಾಡಿಸಿದರೆ ಔಷಧಿಗೆ ಗುಣವಾಗುತ್ತದೆ. ತಡ ಮಾಡಿದರೆ ಕಷ್ಟ. ಬೀದಿಯಿಂದ ಬಂದ ನಾಯಿಯಲ್ಲಿ ಈ ರೋಗ ಒಳಗೇ ಇರಬಹುದು, ಹಾಗಾಗಿ ಫಾಸ್ಟರ್ ಮನೆಯಲ್ಲಿ ರಕ್ತ ಪರೀಕ್ಷೆ ಆಗಿದೆಯಾ ಕೇಳಿ. ಕೊಟ್ಟಿಗೆಯಲ್ಲಿ ದನಕ್ಕೆ ತಂದಿಟ್ಟ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ. ಹಚ್ಚಿದ್ದನ್ನು ನಾಯಿ ನೆಕ್ಕುತ್ತದೆ. ಬೆಕ್ಕಿಗಂತೂ ಅಂಥ ಕೆಲವು ಔಷಧಿಗಳು ವಿಷ.

ಮಂಗನ ಕಾಯಿಲೆಯೂ ಉಣುಗಿನಿಂದಲೇ ಬರುವುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ ಅದು. ನಮ್ಮ ತಾಲ್ಲೂಕಿನವರಿಗೆ ಅದರ ಭಯ ಹೇಳಿ ಕೊಡಬೇಕಾಗಿಲ್ಲ. ಚಳಿಗಾಲದಿಂದ ಮಳೆ ಬೀಳುವವರೆಗೆ ಹೆಚ್ಚು. ಆ ದಿನಗಳಲ್ಲಿ ನಾಯಿಯನ್ನು ಸೊಪ್ಪಿನ ಬೆಟ್ಟಕ್ಕೆ ಬಿಡಬೇಡಿ, ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಸುಳಿಯಲೇಬಾರದು. ಕಾಡಿನ ಉಣುಗನ್ನು ನಾಯಿ ಮೈಮೇಲೆ ಹೊತ್ತು ಮನೆಗೆ ತರಬಾರದು ಅಷ್ಟೇ.

ಮೂರನೆಯದು ತೋಟದ ಕೆಲಸ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ನಾಯಿಯನ್ನು ಒಳಗೆ ಹಾಕಿ. ಮೈಲುತುತ್ತ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀಲಿ ನೀರನ್ನು ನಾಯಿ ಕುಡಿದರೆ ವಾಂತಿ ಶುರುವಾಗುತ್ತದೆ, ಹೆಚ್ಚಾದರೆ ಜೀವಕ್ಕೇ ಅಪಾಯ. ಇಲಿ ಪಾಷಾಣ ಇಡುವ ಅಭ್ಯಾಸ ಇದ್ದರೆ ಬಿಡಿ. ಹಂದಿಗೆ ಅಂತ ಬೇಲಿಯಲ್ಲಿ ಉರುಳು ಹಾಕುವವರು ಅಕ್ಕಪಕ್ಕ ಇದ್ದಾರಾ ವಿಚಾರಿಸಿ. ನಮ್ಮ ಪಕ್ಕದ ಮನೆಯ ನಾಯಿ ಹಾಗೇ ಹೋಯಿತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ತೋಟದ ದಾರಿ:
ಓದಿ ತಲೆ ತುಂಬಿ ಹೋಯಿತು, ಆದರೆ ಬಹಳ ಉಪಕಾರವಾಯಿತು. ನಮ್ಮದು ಅರ್ಧ ಗೋಡೆಯ ಜಗುಲಿಯೇ. ಅಡಿಕೆ ಚೀಲ ಇಡುವ ಕೋಣೆ ಒಂದಿದೆ, ಗಟ್ಟಿ ಬಾಗಿಲು, ಕಿಟಕಿಗೆ ಸರಳು ಇದೆ. ಅದನ್ನೇ ಖಾಲಿ ಮಾಡಿ ಕೊಡುತ್ತೇವೆ ಎಂದು ಮಾವ ಹೇಳಿದ್ದಾರೆ. ಊಟದ ಬಗ್ಗೆ ಯಾರಾದರೂ ಹೇಳುತ್ತೀರಾ? ಅನ್ನ ಮಜ್ಜಿಗೆ ಸಾಕಾಗುವುದಿಲ್ಲವಾ? ಮೊದಲಿದ್ದ ನಾಯಿಗಳೆಲ್ಲ ಅದನ್ನೇ ತಿಂದಿದ್ದವು ಎಂದು ಅತ್ತೆ ಹೇಳುತ್ತಾರೆ.

ಅಘನಾಶಿನಿ:
ಅನ್ನ ಮಜ್ಜಿಗೆಗೆ ಹೊಟ್ಟೆ ತುಂಬುತ್ತದೆ. ಪ್ರೋಟೀನ್ ಸಾಲುವುದಿಲ್ಲ. ಮೊದಲಿದ್ದ ನಾಯಿಗಳು ಊರೆಲ್ಲ ಸುತ್ತಿ ಇನ್ನೇನೋ ತಿಂದು ಬರುತ್ತಿದ್ದವು. ನೀವು ಒಳಗೆ ಇಟ್ಟುಕೊಳ್ಳುವ ನಾಯಿಗೆ ಬೇಕಾದ್ದೆಲ್ಲ ನಿಮ್ಮ ಕೈಯಿಂದಲೇ ಸಿಗಬೇಕು.

ಮನೆಯಲ್ಲಿ ಮೀನು ಮೊಟ್ಟೆ ಮಾಡದವರು ಅಂಗಡಿಯಲ್ಲಿ ಸಿಗುವ ಒಣ ಡಾಗ್ ಫುಡ್ ಕೊಡುವುದು ಸುಲಭದ ದಾರಿ. ಚೀಲದ ಮೇಲೆ ಪ್ರೋಟೀನ್ ಎಷ್ಟು ಎಂದು ಬರೆದಿರುತ್ತದೆ, ದೊಡ್ಡ ನಾಯಿಗೆ ಎಂದು ಇರುವುದನ್ನೇ ತನ್ನಿ. ನಮ್ಮ ನೆಂಟರ ಮನೆಯಲ್ಲಿ ಹಿತ್ತಿಲ ಒಲೆಯ ಮೇಲೆ ನಾಯಿಗೆ ಅಂತಲೇ ಬೇರೆ ಪಾತ್ರೆ ಇಟ್ಟು ಮೊಟ್ಟೆ ಬೇಯಿಸುತ್ತಾರೆ. ಅಡುಗೆ ಮನೆಗೆ ಬರುವುದಿಲ್ಲವಾದ್ದರಿಂದ ಅಜ್ಜಿಯೂ ಒಪ್ಪಿದ್ದಾರೆ. ನಿಮ್ಮಲ್ಲಿ ಆಗುತ್ತದಾ ಎಂದು ಅತ್ತೆಯವರನ್ನೇ ಕೇಳಿ, ಬಲವಂತ ಮಾಡಬೇಡಿ.

ಏನೇ ಕೊಟ್ಟರೂ ಒಂದೇ ದಿನದಲ್ಲಿ ಬದಲಾಯಿಸಬೇಡಿ. ಫಾಸ್ಟರ್ ಮನೆಯ ಊಟವನ್ನೇ ಸ್ವಲ್ಪ ಕಟ್ಟಿಸಿಕೊಂಡು ಬನ್ನಿ. ಒಂದು ವಾರದಲ್ಲಿ ಹಳೆಯದನ್ನು ಕಡಿಮೆ ಮಾಡುತ್ತ ಹೊಸದನ್ನು ಜಾಸ್ತಿ ಮಾಡಿ. ಇಲ್ಲವಾದರೆ ಹೊಟ್ಟೆ ಕೆಡುತ್ತದೆ, ಆಗ "ನಮ್ಮ ಮನೆ ಊಟ ಒಗ್ಗಲಿಲ್ಲ" ಎಂದು ಎಲ್ಲರಿಗೂ ಅನಿಸಿಬಿಡುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಬೇಡ. ಹಬ್ಬದ ದಿನ ಮಕ್ಕಳು ಪ್ರೀತಿಯಿಂದ ಕೇಸರಿಬಾತು ತಿನ್ನಿಸುತ್ತಾರೆ, ಅದರಲ್ಲಿರುವ ದ್ರಾಕ್ಷಿ ನಾಯಿಯ ಕಿಡ್ನಿಗೆ ಕೆಟ್ಟದ್ದು. ಮಗಳಿಗೆ ಮೊದಲೇ ಹೇಳಿಡಿ.

ಗಂಗಾವಳಿ ದಂಡೆ:
ಬಂಗಡೆ ಬಿಟ್ಟಿತು ಅಂತ ಬೇಸರ ಪಡಬೇಡಿ. ಬೇಯಿಸಿದ ಮೀನಿನ ಮುಳ್ಳು, ಉಪ್ಪು ಸುರಿದ ಒಣಮೀನು ನಾಯಿಗೆ ಒಳ್ಳೆಯದೇನಲ್ಲ. ಬೇಲೆಯಲ್ಲಿ (ಸಮುದ್ರದ ದಂಡೆಯಲ್ಲಿ) ತಿರುಗುವ ನಾಯಿಗಳ ಬಾಯಲ್ಲಿ ಗಾಳದ ಮುಳ್ಳು ಸಿಕ್ಕಿಕೊಂಡಿದ್ದನ್ನು ಇಲ್ಲಿ ನೋಡುತ್ತಲೇ ಇರುತ್ತೇವೆ.

ಕುಮಟೆ ಪೇಟೆ:
ನಾನು ಮೊದಲು ಹೇಳಿದ ಮಾತಿಗೆ ಉತ್ತರ ಸಿಕ್ಕಿತು. ಆದರೂ ಒಂದು ಸಂಶಯ. ಕಾರವಾರದವರ ಹತ್ತಿರ ಇಷ್ಟು ದಿನ ಇದ್ದ ನಾಯಿ, ಅವರನ್ನೇ ತನ್ನವರು ಅಂದುಕೊಂಡಿರುತ್ತದೆ. ಅಲ್ಲಿಂದ ಕಿತ್ತು ತಂದರೆ ಅದಕ್ಕೆ ನೋವಾಗುವುದಿಲ್ಲವಾ? ಅದನ್ನು ಕೊಡುವವರಿಗೂ ಹೇಗಾಗುತ್ತದೆ?

ಕಾಳಿ ಕಡಲು:
ಆಗುತ್ತದೆ. ನಾಯಿಗೂ ಆಗುತ್ತದೆ, ನಮಗೂ ಆಗುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ, ಒಂದಷ್ಟು ದಿನ ಮನೆಯಲ್ಲಿ ಊಟ ಸೇರುವುದಿಲ್ಲ. ಆದರೆ ಒಂದು ನಾಯಿ ಹೊರಟರೆ ಮಾತ್ರ ಮುಂದಿನ ಪೆಟ್ಟಾದ ನಾಯಿಗೆ ನನ್ನ ಮನೆಯಲ್ಲಿ ಜಾಗ. ಎಲ್ಲವನ್ನೂ ನಾನೇ ಇಟ್ಟುಕೊಂಡರೆ ಮುಂದಿನದು ರಸ್ತೆಯ ಬದಿಯಲ್ಲೇ ಉಳಿಯುತ್ತದೆ. ಅದಕ್ಕೇ ಕಳಿಸುತ್ತೇವೆ.

ನಾಯಿಯ ಮಟ್ಟಿಗೆ, ನಾವು ಎಲ್ಲರಿಗೂ ಹೇಳುವ ಲೆಕ್ಕ ಮೂರು ದಿನ, ಮೂರು ವಾರ, ಮೂರು ತಿಂಗಳು. ಮೊದಲ ಮೂರು ದಿನ ಮೂಲೆಯಲ್ಲಿ ಕೂತು ಏನೂ ತಿನ್ನದೇ ಇರಬಹುದು. ಮೂರು ವಾರದ ಹೊತ್ತಿಗೆ ಮನೆಯ ದಿನಚರಿ ಗೊತ್ತಾಗುತ್ತದೆ, ಮೂರು ತಿಂಗಳಿಗೆ ತನ್ನ ಮನೆ ಅನಿಸುತ್ತದೆ. ಎಲ್ಲ ನಾಯಿಗೂ ಸರಿಯಾಗಿ ಇಷ್ಟೇ ಎಂದಲ್ಲ, ಅವಸರ ಮಾಡಬೇಡಿ ಎಂದು ಹೇಳಲು ಈ ಲೆಕ್ಕ.

ಮೊದಲ ದಿನಗಳೇ ಓಡಿಹೋಗುವ ಅಪಾಯ ಹೆಚ್ಚಿರುವ ದಿನಗಳು. ಹೆದರಿದ ನಾಯಿ ಕುತ್ತಿಗೆ ಪಟ್ಟಿಯಿಂದ ತಲೆ ಜಾರಿಸಿಕೊಳ್ಳುತ್ತದೆ. ಪಟ್ಟಿಗೆ ಒಂದು ಹಗ್ಗ, ಎದೆಗೆ ಹಾಕುವ ಹಾರ್ನೆಸ್‌ಗೆ ಇನ್ನೊಂದು ಹಗ್ಗ, ಎರಡೂ ದೊಡ್ಡವರ ಕೈಯಲ್ಲಿ. ಕಾರಿನ ಬಾಗಿಲು ತೆಗೆಯುವ ಮೊದಲು ಹಗ್ಗ ಕೈಯಲ್ಲಿರಬೇಕು. ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಹೊರಡುವ ಮೊದಲೇ ಬರೆಸಿ. ಅವರು ಹಾಸಿದ ಹಳೆ ಬಟ್ಟೆ ಒಂದನ್ನು ಒಗೆಯದೇ ತನ್ನಿ, ಆ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ.

ಸೊಪ್ಪಿನಬೆಟ್ಟ:
ದೇವಿಮನೆ ಘಟ್ಟದ ತಿರುವಿನಲ್ಲಿ ಬಹಳ ನಾಯಿಗಳು ವಾಂತಿ ಮಾಡುತ್ತವೆ. ಹೊರಡುವ ಮೊದಲಿನ ಮೂರ್ನಾಲ್ಕು ಗಂಟೆ ಊಟ ಹಾಕಬೇಡಿ ಎಂದು ಅವರಿಗೆ ಹೇಳಿಡಿ. ಬಂದ ಮೊದಲ ವಾರ ನೆಂಟರನ್ನು ಕರೆಯಬೇಡಿ. ಶಿರಸಿ ಜಾತ್ರೆ ಇರುವ ವರ್ಷವಾದರೆ ಜಾತ್ರೆ ಮುಗಿದ ಮೇಲೆ ತನ್ನಿ. ಮನೆ ತುಂಬ ಜನ, ಸದ್ದು, ತೆಗೆದೇ ಇರುವ ಬಾಗಿಲು. ಹೊಸ ನಾಯಿಗೆ ಅದಕ್ಕಿಂತ ಕೆಟ್ಟ ಹೊತ್ತಿಲ್ಲ.

ತೋಟದ ದಾರಿ:
ಇವತ್ತು ಅವರಿಗೆ ಫೋನ್ ಮಾಡಿ ಕಾಳಿ ಕಡಲು ಅಕ್ಕ ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಅವರು ಖುಷಿಯಿಂದ, ಬಿಡಿಸಿ ಬಿಡಿಸಿ ಹೇಳಿದರು. ಊಟದ ಹೊತ್ತಿನಲ್ಲಿ ಏನೂ ಗಲಾಟೆ ಇಲ್ಲ. ಅವರ ಮೊಮ್ಮಕ್ಕಳ ಜೊತೆ ಚೆನ್ನಾಗಿದೆ. ದನ ಕಂಡರೆ ದೂರ ಸರಿಯುತ್ತದೆ. ಬೈಕ್ ಸದ್ದಿಗೆ ಮಂಚದ ಕೆಳಗೆ ಹೋಗುತ್ತದೆ. ಉಣುಗಿನ ಜ್ವರಕ್ಕೆ ಔಷಧಿ ಆಗಿದೆ, ಆಮೇಲಿನ ರಕ್ತ ಪರೀಕ್ಷೆ ಸರಿ ಇದೆ, ಚೀಟಿ ಕೊಡುತ್ತಾರೆ. ಎಕ್ಸ್‌ರೇ ಕೂಡ ಇದೆ. ಒಳಗೆ ರಾಡ್ ಇಲ್ಲ.

ಒಂದೇ ಒಂದು "ಆದರೆ" ಬಂತು. ಬೆಕ್ಕು ಓಡಿದರೆ ಬೆನ್ನಟ್ಟುತ್ತದಂತೆ. ಇದುವರೆಗೆ ಕಚ್ಚಿಲ್ಲ. ನಮ್ಮ ಬೆಕ್ಕು ಇಡೀ ದಿನ ಅತ್ತೆಯ ಮಡಿಲಲ್ಲೇ ಇರುವುದು. ಅತ್ತೆ ಈಗ ನಾಯಿಗೆ ಒಪ್ಪಿದ್ದಾರೆ, ಬೆಕ್ಕಿಗೆ ಏನೂ ಆಗಬಾರದು ಎಂಬ ಮಾತಿನ ಮೇಲೆ. ಏನು ಮಾಡಲಿ?

ಅಘನಾಶಿನಿ:
ಓಡಿದರೆ ಬೆನ್ನಟ್ಟುವುದು, ಸುಮ್ಮನೆ ಕೂತಿದ್ದರೂ ನೆಗೆದು ಹಿಡಿಯುವುದು, ಎರಡೂ ಬೇರೆ. ಮೊದಲನೆಯದನ್ನು ತಿದ್ದಬಹುದು. ಎರಡನೆಯದಾದರೆ ಈ ನಾಯಿ ನಿಮ್ಮ ಮನೆಗೆ ಬೇಡ ಎಂದೇ ಹೇಳುತ್ತೇನೆ. ಹೋದಾಗ ಅದನ್ನೇ ನೋಡಿ. ನಾಯಿ ಹಗ್ಗದಲ್ಲಿರಲಿ, ದೂರದಲ್ಲಿ ಬೆಕ್ಕು ಕೂತಿರಲಿ. ಹೆಸರು ಕರೆದರೆ ನಾಯಿ ತಿರುಗಿ ನೋಡುತ್ತದಾ? ತಿನ್ನಲು ಕೊಟ್ಟರೆ ತಿನ್ನುತ್ತದಾ? ತಿರುಗಿ ನೋಡಿ ತಿಂದರೆ ತನ್ನಿ. ಮೈ ಬಿಗಿಹಿಡಿದು, ಕಣ್ಣು ಕೀಳದೇ, ಕರೆದರೂ ಕಿವಿ ಅಲುಗಿಸದಿದ್ದರೆ ಬೇಡ.

ತಂದ ಮೇಲೆ ಮೊದಲ ಕೆಲವು ದಿನ ಒಂದನ್ನೊಂದು ನೋಡುವುದೇ ಬೇಡ. ಅಡಿಕೆ ಕೋಣೆಯಲ್ಲಿ ನಾಯಿ, ಒಳಮನೆಯಲ್ಲಿ ಬೆಕ್ಕು. ಹಾಸಿದ ಬಟ್ಟೆ ಮಾತ್ರ ಅದಲು ಬದಲು ಮಾಡಿ, ವಾಸನೆ ಗೊತ್ತಾಗಲಿ. ಆಮೇಲೆ ಬಾಗಿಲಿಗೆ ಜಾಲರಿ ಅಡ್ಡ ಇಟ್ಟು ಎರಡೂ ಕಡೆ ಊಟ ಹಾಕಿ. ಅದಾದ ಮೇಲೆ ನಾಯಿಗೆ ಹಗ್ಗ ಹಾಕಿ ಒಂದೇ ಕೋಣೆಯಲ್ಲಿ. ಬೆಕ್ಕಿಗೆ ಹಾರಿ ಕೂರಲು ಎತ್ತರದ ಜಾಗ ಯಾವಾಗಲೂ ಇರಬೇಕು. ಅತ್ತೆಯ ಮಡಿಲಲ್ಲಿ ಬೆಕ್ಕು ಇರುವಾಗ ನಾಯಿಯನ್ನು ಹತ್ತಿರ ಬಿಡಬೇಡಿ, ಬೆಕ್ಕು ಹೆದರಿದರೆ ಉಗುರು ತಾಗುವುದು ಅತ್ತೆಗೇ. ತಿಂಗಳುಗಟ್ಟಲೆ ಆದರೂ ಇಬ್ಬರನ್ನೇ ಬಿಟ್ಟು ಹೊರಗೆ ಹೋಗಬೇಡಿ.

ನಾಯಿ ಬೆಕ್ಕನ್ನು ಬಿಟ್ಟು ನಿಮ್ಮ ಕಡೆ ನೋಡಿದಾಗಲೆಲ್ಲ ಬಾಯಿಗೆ ಏನಾದರೂ ಹಾಕಿ. ಬೈಯಬೇಡಿ, ಹೊಡೆಯಬೇಡಿ. ಹೋಗಿ ನೋಡಿ ಬಂದು ಇಲ್ಲೇ ಬರೆಯಿರಿ, ನಾಯಿ ಏನು ಮಾಡಿತು ಎಂಬುದರ ಮೇಲೆ ಮುಂದಿನದನ್ನು ಹೇಳುತ್ತೇನೆ.